ಕಲ್ಲು ಕೀಳುವುದು ಬಿಟ್ಟ ಮೇಲೆ ಆದ ಹಿತ್ತಲು

ಚಿತ್ರದುರ್ಗದ ಹೊರಗಡೆ ನಮ್ಮ ಮನೆ. ಹಿಂದೆ 30ಕ್ಕೆ 40 ಅಡಿ ಜಾಗ. ಬದನೆ, ಮೆಣಸಿನಕಾಯಿ ಹಾಕೋಣ ಅಂತ ಹಾರೆ ಹಿಡಿದು ಹೋದೆ. ಮೊದಲ ಏಟಿಗೇ ಠಣ್ ಅಂದಿತು. ಎರಡಡಿ ಪಕ್ಕಕ್ಕೆ ಹಾಕಿದೆ, ಅಲ್ಲೂ ಠಣ್. ಅಂಗೈ ಜುಮ್ಮೆಂದಿತು. ಕಲ್ಲಿನಕೋಟೆಯ ಊರು, ಕಲ್ಲಿಗೇನು ಬರ ಅಲ್ವಾ?

ಎರಡು ತಿಂಗಳು ಭಾನುವಾರ ಬಂದರೆ ಪಿಕಾಸಿ, ಬಾಂಡ್ಲಿ, ಕಲ್ಲು. ಮೇಲೆ ತೆಂಗಿನಕಾಯಿ ಗಾತ್ರ ಕಂಡದ್ದು ಅಗೆಯುತ್ತಾ ಹೋದರೆ ಎಮ್ಮೆಯಷ್ಟಾಗುತ್ತಿತ್ತು. ಪಕ್ಕದ ಮನೆ ಅಜ್ಜಿ ಕಾಂಪೌಂಡಿನಿಂದ ನೋಡಿ ನೋಡಿ ಒಂದಿನ ಕೇಳಿಯೇಬಿಟ್ಟರು: "ಕಲ್ಲಿನ ಜೊತೆ ಯಾಕಪ್ಪಾ ಗುದ್ದಾಡ್ತೀಯ? ಅದು ನಿನಗಿಂತ ಮುಂಚೆ ಬಂದಿರೋದು."

ಅವತ್ತು ಪಿಕಾಸಿ ಇಟ್ಟೆ. ಮರುದಿನ ಹಾರೆಯಿಂದ ಇಡೀ ಜಾಗವನ್ನು ಎರಡೆರಡು ಅಡಿಗೆ ಒಂದರಂತೆ ಚುಚ್ಚಿ ನೋಡಿದೆ. ಠಣ್ ಅಂದ ಕಡೆ ಬಿಟ್ಟೆ. ದೊಪ್ ಅಂತ ಒಂದಡಿ ಇಳಿದ ಕಡೆ ಬೂದಿ ಹಾಕಿದೆ. ಹನ್ನೊಂದು ಕಡೆ ಬೂದಿ ಬಿತ್ತು. ಅಲ್ಲಿ ಗುಂಡಿ ತೋಡಿ, ಎರಡು ಬಕೆಟ್ ನೀರು ಸುರಿದು, ಬೆಳಗ್ಗೆ ನೋಡಿದೆ. ಎರಡರಲ್ಲಿ ನೀರು ಹಾಗೇ ನಿಂತಿತ್ತು, ಕೆಳಗೆ ಬಂಡೆ ಬಟ್ಟಲಿನಂತಿದೆ ಅಂತ ಅರ್ಥ. ಗಿಡ ಇಟ್ಟರೆ ಬೇರು ಕೊಳೆಯುತ್ತೆ, ಮುಚ್ಚಿಬಿಟ್ಟೆ. ಉಳಿದವಕ್ಕೆ ನುಗ್ಗೆ, ಸೀತಾಫಲ, ಕರಿಬೇವು. ಸೀತಾಫಲವಂತೂ ನಮ್ಮ ಕಡೆ ಗುಡ್ಡದ ಸಂದಿಯಲ್ಲೇ ಬೆಳೆಯುತ್ತೆ, ಅದಕ್ಕೆ ನನ್ನ ಉಪಕಾರ ಏನೂ ಬೇಕಿರಲಿಲ್ಲ.

ತರಕಾರಿಗೆ ಕೆಳಗೆ ಅಗೆಯುವ ಬದಲು ಮೇಲಕ್ಕೆ ಕಟ್ಟಿದೆ. ಕಿತ್ತು ಗುಡ್ಡೆ ಹಾಕಿದ್ದ ಕಲ್ಲುಗಳಿಂದಲೇ ಬಂಡೆಯ ಮೇಲೆ ಮಡಿ. ದಪ್ಪ ಕಲ್ಲು ಕೆಳಗೆ, ಸ್ವಲ್ಪ ಒಳಕ್ಕೆ ವಾಲಿಸಿ, ಸಂದಿಗೆ ಚೂರುಗಲ್ಲು. ಸಿಮೆಂಟ್ ಬೇಡ, ಹೆಚ್ಚಾದ ನೀರು ಸಂದಿಯಿಂದ ಹೋಗಬೇಕು. ಮೊದಲನೆಯದನ್ನು ಒಂದಡಿ ಎತ್ತರ ಮಾಡಿದ್ದೆ, ಮಧ್ಯಾಹ್ನಕ್ಕೇ ಮಣ್ಣು ಒಣಗುತ್ತಿತ್ತು. ಒಂದೂವರೆ ಅಡಿಗೆ ಏರಿಸಿದ ಮೇಲೆ ಸರಿಯಾಯಿತು. ಕಲ್ಲು ಎತ್ತುವಾಗ ಮಾತ್ರ ಕೈ ಹಾಕಬೇಡಿ, ಹಾರೆಯಿಂದ ಮಗುಚಿ. ನನಗೆ ಮೂರು ಚೇಳು ಸಿಕ್ಕವು.

ಮಣ್ಣಿನ ವಿಷಯದಲ್ಲಿ ಟೋಪಿ ಬಿತ್ತು. ಕೆಂಪು ಮಣ್ಣು ಅಂತ ದುಡ್ಡು ಕೊಟ್ಟ ಮೊದಲ ಟ್ರಾಕ್ಟರ್ ಲೋಡು ಬರೀ ಗರಸು. ಸುರಿಯುವ ಮುಂಚೆ ಒಂದು ಹಿಡಿ ತಗೊಂಡು, ಒದ್ದೆ ಮಾಡಿ, ಉಂಡೆ ಕಟ್ಟುತ್ತಾ ಅಂತ ನೋಡಬೇಕಿತ್ತು. ಆಮೇಲೆ ತರಿಸಿದ್ದು ಬೇಸಿಗೆಯಲ್ಲಿ ಹೂಳೆತ್ತುತ್ತಿದ್ದ ಕೆರೆಯ ಗೋಡು. ಅದೊಂದನ್ನೇ ತುಂಬಿದರೆ ಒಣಗಿದಾಗ ಬಿರುಕು ಬಿಟ್ಟು ಹೆಂಚಾಗುತ್ತೆ. ಹಾಗಾಗಿ ಎರಡು ಬಾಂಡ್ಲಿ ಗೋಡಿಗೆ ಒಂದು ಬಾಂಡ್ಲಿ ಹಳೇ ಕೊಟ್ಟಿಗೆ ಗೊಬ್ಬರ, ಒಂದು ಬಾಂಡ್ಲಿ ಜರಡಿ ಹಿಡಿದ ಆ ಗರಸು. ದಂಡ ತೆತ್ತದ್ದೂ ಕೆಲಸಕ್ಕೆ ಬಂತು. ಮೊದಲ ಬೆಳೆ ತರಕಾರಿ ಅಲ್ಲ, ಹುರುಳಿ. ಒತ್ತೊತ್ತಾಗಿ ಚೆಲ್ಲಿ, ಹೂ ಬರುವ ಹೊತ್ತಿಗೆ ಕೊಯ್ದು ಅಲ್ಲೇ ಮಣ್ಣಿಗೆ ಸೇರಿಸಿದೆ. ಎರಡು ಸಲ ಹೀಗೆ ಮಾಡಿದ ಮೇಲೆ ಎರೆಹುಳು ಕಂಡವು.

ನನಗೆ ತುಂಬಾ ಖುಷಿ ಕೊಟ್ಟದ್ದು ನೀರಿನ ಲೆಕ್ಕ. ಹಿತ್ತಲ ಮಧ್ಯೆ 12ಕ್ಕೆ 10 ಅಡಿಯ ಹಾಸುಬಂಡೆ ಇದೆ. ಅದರ ಮೇಲೆ 10 ಮಿ.ಮೀ. ಮಳೆ ಬಿದ್ದರೆ 110 ಲೀಟರ್ ನೀರು. ನಮ್ಮದು ಮಳೆ ಕಮ್ಮಿ ಇರುವ ಜಿಲ್ಲೆ, ಅಷ್ಟು ನೀರು ಸುಮ್ನೆ ಬೇಲಿಯಾಚೆ ಹೋಗುತ್ತಿತ್ತು. ಇಳಿಜಾರಿನ ಅಂಚಿಗೆ ಎರಡಿಂಚಿನ ಸಿಮೆಂಟ್ ಏರಿ ಎಳೆದು, ಕರಿಬೇವಿನ ಬುಡಕ್ಕೆ ತಿರುಗಿಸಿದೆ. ಆ ಗಿಡ ಬಂಡೆಯ ಪೂರ್ವಕ್ಕಿದೆ, ಪಕ್ಕದಲ್ಲೇ ಎದ್ದಿರುವ ಗುಂಡುಕಲ್ಲು ಮಧ್ಯಾಹ್ನದ ಮೇಲೆ ಅದಕ್ಕೆ ನೆರಳು. ಈಗ ನನ್ನ ಎತ್ತರ ದಾಟಿದೆ.

ಪಶ್ಚಿಮದ ಕಡೆ ಮಾತ್ರ ನನ್ನ ಆಟ ನಡೆಯಲಿಲ್ಲ. ಬೇಸಿಗೆಯಲ್ಲಿ ಅಲ್ಲಿನ ಬಂಡೆ ರಾತ್ರಿ ಊಟದ ಹೊತ್ತಿಗೂ ಬಿಸಿ ಇರುತ್ತೆ. ಟೊಮೇಟೊ ಎರಡು ವರ್ಷ ಸುಟ್ಟು ಹೋಯಿತು, ಹೀರೆ ಬಳ್ಳಿ ಹಬ್ಬಿಸಿದರೂ ಕೈ ಕೊಟ್ಟಿತು. ಈಗ ಅಲ್ಲಿ ಹೆಂಡತಿ ಸಂಡಿಗೆ ಒಣಗಿಸುತ್ತಾಳೆ.