ಸಬ್‌ವರ್ಶನ್‌ನಿಂದ ಗಿಟ್‌ಗೆ ಸೇತುವೆ: ವಿದ್ಯಾರ್ಥಿಯಾಗಿ ಸೇರಿದಾಗ ಹಿಡಿದ ದಾರಿ

ಸಬ್‌ವರ್ಶನ್ (ಎಸ್‌ವಿಎನ್), ಗಿಟ್ ಎರಡೂ ಕೋಡ್‌ನ ಬದಲಾವಣೆಗಳ ಇತಿಹಾಸ ಇಡುವ ಸಾಧನಗಳು. ಮೊದಲನೆಯದರ ಇತಿಹಾಸವನ್ನು ಎರಡನೆಯದಕ್ಕೆ ತರುವ ಪ್ರಾಜೆಕ್ಟ್‌ಗೆ ಸೇರಿದವರು ಸಾಮಾನ್ಯವಾಗಿ ಮೊದಲು ಕೋಡ್ ಓದಲು ಕೂರುತ್ತಾರೆ. ನಾನು ಟೆಸ್ಟ್‌ಗಳಿಂದ ಶುರು ಮಾಡಿದೆ, ಈಗಲೂ ಕೇಳಿದವರಿಗೆ ಅದನ್ನೇ ಹೇಳುತ್ತೇನೆ. ಫೈಲುಗಳನ್ನು ಆಚೆಯಿಂದ ಈಚೆಗೆ ತರುವುದು ಇಲ್ಲಿ ಸಣ್ಣ ಕೆಲಸ. ಒಂದೇ ಎಸ್‌ವಿಎನ್ ರೆಪೊವನ್ನು (ಕೋಡ್ ಮತ್ತು ಅದರ ಇತಿಹಾಸದ ಭಂಡಾರ) ಇಬ್ಬರು ಬೇರೆ ಬೇರೆ ಕಂಪ್ಯೂಟರ್‌ನಲ್ಲಿ, ಬೇರೆ ಬೇರೆ ದಿನ ತಂದುಕೊಂಡರೂ ಕಮಿಟ್ ಹ್ಯಾಶ್ (ದಾಖಲಾದ ಪ್ರತಿ ಬದಲಾವಣೆಗೆ ಅದರ ಒಳವಿಷಯದಿಂದಲೇ ಗಿಟ್ ಲೆಕ್ಕಹಾಕುವ ಗುರುತು) ಒಂದೇ ಬರಬೇಕು. ಬರಲಿಲ್ಲವೆಂದರೆ ಇಬ್ಬರ ಇತಿಹಾಸಗಳೂ ಗಿಟ್ ಕಣ್ಣಿಗೆ ಸಂಬಂಧವೇ ಇಲ್ಲದ ಎರಡು ಪ್ರಾಜೆಕ್ಟ್‌ಗಳು.

ಗಿಟ್ ಮೂಲವನ್ನು ಕ್ಲೋನ್ ಮಾಡಿ, ಬಿಲ್ಡ್ ಮಾಡಿ, ಟೆಸ್ಟ್ ಡೈರೆಕ್ಟರಿಯಲ್ಲಿ 9300ನೇ ಸಂಖ್ಯೆಯ ಫಾಸ್ಟ್-ಇಂಪೋರ್ಟ್ (ಹೊರಗಿನ ಇತಿಹಾಸವನ್ನು ಗಿಟ್‌ಗೆ ತುಂಬುವ ಸಾಧನ) ಟೆಸ್ಟನ್ನೂ 91ರಿಂದ ಶುರುವಾಗುವ ಗಿಟ್-ಎಸ್‌ವಿಎನ್ (ಗಿಟ್‌ನಲ್ಲಿ ಈಗಾಗಲೇ ಇರುವ ಸೇತುವೆ) ಟೆಸ್ಟುಗಳನ್ನೂ ಓಡಿಸಿ. ಇಲ್ಲೊಂದು ಮೋಸವಿದೆ. ಪರ್ಲ್‌ನ ಎಸ್‌ವಿಎನ್ ಲೈಬ್ರರಿ ಸಿಗದಿದ್ದರೆ ಗಿಟ್-ಎಸ್‌ವಿಎನ್ ಟೆಸ್ಟುಗಳು ಬೀಳುವುದಿಲ್ಲ, ತಮ್ಮನ್ನು ತಾವೇ ಬಿಟ್ಟು ಮುಂದೆ ಹೋಗುತ್ತವೆ. ಎಲ್ಲ ಹಸಿರಾಗಿದೆ ಎಂದು ನಂಬುವ ಮೊದಲು ಎಷ್ಟು ‘ಸ್ಕಿಪ್’ ಆಗಿವೆ ಎಂದು ನೋಡಿ. ಇದೇ ಕೆಲಸಕ್ಕೆ ಬರೆದಿದ್ದ ಹಳೆಯ ವಿಸಿಎಸ್-ಎಸ್‌ವಿಎನ್ ಕೋಡನ್ನು ಗಿಟ್‌ನಿಂದ 2020ರಲ್ಲಿ ತೆಗೆದುಹಾಕಿದರು. ಓದಲು ಅದು ಈಗಲೂ ಒಳ್ಳೆಯ ಪಾಠ, ಅದಕ್ಕಿಂತ ಹಿಂದಿನ ಟ್ಯಾಗ್ ಒಂದನ್ನು ಚೆಕ್‌ಔಟ್ ಮಾಡಿಕೊಳ್ಳಿ.

ಮುಂದಿನ ಕೆಲಸ, ಎಸ್‌ವಿಎನ್‌ನ ನಿರ್ವಹಣಾ ಸಾಧನವಾದ ಎಸ್‌ವಿಎನ್‌ಅಡ್ಮಿನ್‌ನಿಂದ ಒಂದು ಪುಟ್ಟ ರೆಪೊ. ಹತ್ತು ರಿವಿಷನ್ (ಎಸ್‌ವಿಎನ್‌ನಲ್ಲಿ ಸಂಖ್ಯೆ ಹೊತ್ತ ಕಮಿಟ್) ಸಾಕು, ಆದರೆ ಪ್ರತಿಯೊಂದೂ ಒಂದೊಂದು ತೊಡಕನ್ನು ಹೊತ್ತಿರಬೇಕು: ಟ್ರಂಕ್ (ಮುಖ್ಯ ಸಾಲು) ನಕಲು ಮಾಡಿ ಬ್ರಾಂಚ್ (ಕವಲು), ಎಕ್ಸಿಕ್ಯೂಟಬಲ್ ಗುಣ ಹಚ್ಚಿದ ಫೈಲು, ಸಿಂಬಾಲಿಕ್ ಲಿಂಕ್, ಖಾಲಿ ಡೈರೆಕ್ಟರಿ, ಖಾಲಿ ಲಾಗ್, ಟ್ರಂಕ್ ಮತ್ತು ಬ್ರಾಂಚ್ ಎರಡನ್ನೂ ಮುಟ್ಟಿದ ಒಂದೇ ಕಮಿಟ್, ಟ್ಯಾಗ್ ಆದಮೇಲೆ ಅದರೊಳಗೇ ಮಾಡಿದ ತಿದ್ದುಪಡಿ. ಕೊನೆಯದನ್ನು ಯಾರೂ ಮಾಡುವುದಿಲ್ಲ ಎನ್ನಬೇಡಿ. ಎಸ್‌ವಿಎನ್‌ನಲ್ಲಿ ಟ್ಯಾಗ್ ಎಂದರೆ ಇನ್ನೊಂದು ಡೈರೆಕ್ಟರಿ ಅಷ್ಟೇ, ಹಳೆಯ ರೆಪೊಗಳಲ್ಲಿ ಇದು ಧಾರಾಳ. ಎರಡು ಬ್ರಾಂಚ್ ಮುಟ್ಟಿದ ರಿವಿಷನ್ ಗಿಟ್‌ನಲ್ಲಿ ಎರಡು ಕಮಿಟ್ ಆಗುತ್ತದೆ, ಆದ್ದರಿಂದ ಯಾವ ರಿವಿಷನ್ ಯಾವ ಕಮಿಟ್ ಆಯಿತೆಂದು ಬರೆದಿಡುವಾಗ ರಿವಿಷನ್ ಸಂಖ್ಯೆಯೊಂದನ್ನೇ ಕೀ ಮಾಡಿಕೊಂಡ ಪಟ್ಟಿ ಅಲ್ಲೇ ಮುರಿಯುತ್ತದೆ. ಕೀ ಎಂದರೆ ರಿವಿಷನ್ ಮತ್ತು ಬ್ರಾಂಚ್ ಜೋಡಿ.

ಈ ಪುಟ್ಟ ರೆಪೊದ ಡಂಪ್ (ಇಡೀ ಇತಿಹಾಸವನ್ನು ಸಾಲಾಗಿ ಬರೆದ ಫೈಲು) ತೆಗೆದು ಎಡಿಟರ್‌ನಲ್ಲಿ ತೆರೆದು ಓದಿ. ಎಸ್‌ವಿಎನ್‌ಅಡ್ಮಿನ್ ಮಾಮೂಲಿಯಾಗಿ ಪೂರ್ಣ ಪಠ್ಯ ಕೊಡುತ್ತದೆ. ದೂರದ ಸರ್ವರ್‌ನಿಂದ ತರುವಾಗ ಬೇಕಾಗುವ ಎಸ್‌ವಿಎನ್‌ಆರ್‌ಡಂಪ್ ಕೊಡುವುದು ಮಾತ್ರ 3ನೇ ಆವೃತ್ತಿಯ ಡೆಲ್ಟಾ ರೂಪ, ಅಂದರೆ ಹಿಂದಿನದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮಾತ್ರ. (2010ರ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಗಿಟ್ ಪರವಾಗಿ ನಡೆದ ವಿದ್ಯಾರ್ಥಿ ಕೆಲಸವೇ ಇದರ ಮೂಲ, 2011ರ ಸಬ್‌ವರ್ಶನ್ 1.7ರಲ್ಲಿ ಸೇರಿತು.) ಡೆಲ್ಟಾ ಬಿಡಿಸಲು ಫೈಲಿನ ಹಿಂದಿನ ರೂಪ ಕೈಯಲ್ಲಿರಬೇಕು. ಹಾಗಾಗಿ ಮೊದಲು ಪೂರ್ಣ ಪಠ್ಯದ ಡಂಪ್‌ಗೆ ಬರೆದು, ಟೆಸ್ಟ್ ಪಾಸಾದ ಮೇಲೆ ಡೆಲ್ಟಾಗೆ ಕೈ ಹಾಕುವುದು ಮೇಲು.

ಗಿಟ್ ಬದಿಯಲ್ಲಿ ಎಲ್ಲವೂ ಫಾಸ್ಟ್-ಇಂಪೋರ್ಟ್ ಸ್ಟ್ರೀಮ್, ಅಂದರೆ ಅದಕ್ಕೆ ಒಂದರ ಹಿಂದೊಂದು ಕೊಡುವ ಆಜ್ಞೆಗಳು. ‘ಡೇಟಾ’ ಸಾಲಿನಲ್ಲಿ ಬರೆಯುವ ಸಂಖ್ಯೆ, ಅಂದರೆ ಮುಂದೆ ಬರುವುದರ ಉದ್ದ, ಬೈಟ್‌ಗಳ ಲೆಕ್ಕ, ಅಕ್ಷರಗಳದ್ದಲ್ಲ. ಲಾಗ್ ಸಂದೇಶ ‘ಕನ್ನಡ’ ಎಂದಿಟ್ಟುಕೊಳ್ಳಿ. ಪೈಥಾನ್‌ನಲ್ಲಿ ಸ್ಟ್ರಿಂಗ್ ಉದ್ದ ಕೇಳಿದರೆ 5 ಬರುತ್ತದೆ, ಯುಟಿಎಫ್-8ರಲ್ಲಿ ಅದು 15 ಬೈಟ್. ನೀವು 5 ಎಂದು ಬರೆದರೆ ಫಾಸ್ಟ್-ಇಂಪೋರ್ಟ್ ‘ಕ’ ಪೂರ್ತಿ, ‘ನ’ದ ಎರಡು ಬೈಟ್ ಓದಿ ನಿಲ್ಲುತ್ತದೆ. ಉಳಿದ 10 ಬೈಟನ್ನು ಹೊಸ ಆಜ್ಞೆ ಎಂದುಕೊಂಡು, ಗೊತ್ತಿಲ್ಲದ ಆಜ್ಞೆ ಎಂದು ಸಾಯುತ್ತದೆ. ಸಾಯುವಾಗ ಗಿಟ್ ಡೈರೆಕ್ಟರಿಯೊಳಗೆ ಕ್ರ್ಯಾಶ್ ವರದಿಯ ಫೈಲ್ ಬಿಟ್ಟುಹೋಗುತ್ತದೆ, ಸಾಯುವ ಮುಂಚಿನ ಆಜ್ಞೆಗಳು ಅದರಲ್ಲಿರುತ್ತವೆ. ಇಂಗ್ಲಿಷ್ ಲಾಗ್ ಇರುವ ರೆಪೊದಲ್ಲಿ ಈ ಬಗ್ ಕಾಣುವುದೇ ಇಲ್ಲ. ಟೆಸ್ಟ್ ರೆಪೊದ ಒಂದು ಲಾಗನ್ನಾದರೂ ಕನ್ನಡದಲ್ಲಿ ಬರೆಯಿರಿ.

ಬ್ರಾಂಚ್ ಹುಟ್ಟುವ ಕಡೆ ಡಂಪ್‌ನಲ್ಲಿ ಬರುವುದು ‘ಟ್ರಂಕ್, ರಿವಿಷನ್ 7ರಿಂದ ನಕಲು’ ಎಂಬಷ್ಟೇ. ಒಳಗಿನ ಫೈಲುಗಳ ಹೆಸರಿರುವುದಿಲ್ಲ. ಅದಕ್ಕೆ ಫಾಸ್ಟ್-ಇಂಪೋರ್ಟ್‌ಗೆ ‘ಎಲ್‌ಎಸ್’ ಆಜ್ಞೆ ಕೊಟ್ಟು ಆ ಹಳೆಯ ಟ್ರೀಯ (ಡೈರೆಕ್ಟರಿಯ ಗಿಟ್ ರೂಪ) ಹ್ಯಾಶ್ ಕೇಳಿ, ಡೈರೆಕ್ಟರಿ ಎಂದು ಸೂಚಿಸುವ 040000 ಮೋಡ್‌ನಲ್ಲಿ ಹೊಸ ಜಾಗಕ್ಕೆ ಅಂಟಿಸಬೇಕು. ಉತ್ತರ ಬೇರೊಂದು ಪೈಪ್‌ನಲ್ಲಿ ಬರುತ್ತದೆ. ಪ್ರಶ್ನೆ ಬರೆದ ಮೇಲೆ ಫ್ಲಶ್ ಮಾಡದೆ (ಬಫರ್‌ನಲ್ಲಿರುವುದನ್ನು ಆಚೆ ಕಳಿಸದೆ) ಉತ್ತರಕ್ಕೆ ಕಾದರೆ ಪ್ರಶ್ನೆ ನಿಮ್ಮ ಬಫರ್‌ನಲ್ಲೇ ಕೂತಿರುತ್ತದೆ, ಆ ಕಡೆಯೂ ಕಾಯುತ್ತಿರುತ್ತದೆ. ಸಿಪಿಯು ಬಳಕೆ ಸೊನ್ನೆ, ದೋಷ ಸಂದೇಶವೂ ಇಲ್ಲ. ಪ್ರೋಗ್ರಾಂ ಹೀಗೆ ಸುಮ್ಮನೆ ನಿಂತರೆ ಮೊದಲ ಅನುಮಾನ ಫ್ಲಶ್ ಮೇಲಿರಲಿ. ಡೀಬಗ್ ಮುದ್ರಣವೆಲ್ಲ ಸ್ಟಾಂಡರ್ಡ್ ಎರರ್‌ಗೆ, ಔಟ್‌ಪುಟ್‌ಗೆ ಒಂದು ಸಾಲು ಬಿದ್ದರೂ ಅದು ಸ್ಟ್ರೀಮಿನ ಭಾಗ. ಸ್ಟ್ರೀಮಿನ ಆರಂಭದಲ್ಲಿ ‘ಫೀಚರ್ ಡನ್’ (ಕೊನೆಗೆ ‘ಡನ್’ ಬರಲೇಬೇಕು ಎಂಬ ಷರತ್ತು) ಹಾಕಿ, ಇಲ್ಲವಾದರೆ ನಿಮ್ಮ ಪ್ರೋಗ್ರಾಂ ನಡುವೆಯೇ ಸತ್ತರೂ ಅರ್ಧ ಇತಿಹಾಸ ಯಶಸ್ವಿಯಾಗಿ ಬಂದಂತೆ ಕಾಣುತ್ತದೆ.

ಹ್ಯಾಶ್ ಬದಲಾಯಿಸುವ ಕಳ್ಳರು ಕೆಲವರಿದ್ದಾರೆ. ಎಸ್‌ವಿಎನ್ ಸಮಯ ಮೈಕ್ರೋಸೆಕೆಂಡ್‌ವರೆಗೆ ಇರುತ್ತದೆ, ಗಿಟ್‌ಗೆ ಬೇಕಾದ್ದು 1970ರ ಆರಂಭದಿಂದ ಎಣಿಸಿದ ಇಡೀ ಸೆಕೆಂಡ್. 2010-06-08ರ 12:34:56.789 ಯುಟಿಸಿ ಎಂದರೆ 1276000496, ಭಾಗಶಃ ಸೆಕೆಂಡನ್ನು ಕತ್ತರಿಸಿ, ದುಂಡಾಗಿಸಬೇಡಿ, ವಲಯ ಯಾವಾಗಲೂ +0000. ಲೇಖಕರು ಬರುವುದು ಬರೀ ಯೂಸರ್‌ನೇಮ್ ಆಗಿ. ಅವರ ಹೆಸರು, ಮಿಂಚಂಚೆ ತುಂಬುವ ಪಟ್ಟಿ ಎಲ್ಲರ ಬಳಿ ಒಂದೇ ಇರಬೇಕು. ಗಿಟ್-ಎಸ್‌ವಿಎನ್ ಪ್ರತಿ ಸಂದೇಶದ ಕೊನೆಗೆ ಸರ್ವರ್ ವಿಳಾಸ ಸೇರಿಸುತ್ತದೆ. ಒಬ್ಬರು ಎಚ್‌ಟಿಟಿಪಿಎಸ್‌ನಲ್ಲಿ, ಇನ್ನೊಬ್ಬರು ಎಸ್‌ಎಸ್‌ಎಚ್‌ನಲ್ಲಿ ತಂದರೆ ಹ್ಯಾಶ್ ಎರಡಾಗುತ್ತದೆ. ಇದಕ್ಕೆ ಎಲ್ಲರಲ್ಲೂ ಒಂದೇ ವಿಳಾಸ ಬರೆಸುವ ‘ರೀರೈಟ್‌ರೂಟ್’ ಸೆಟ್ಟಿಂಗ್ ಇದೆ. ರಿವಿಷನ್ ಸಂಖ್ಯೆಯನ್ನು ಗಿಟ್ ನೋಟ್ಸ್‌ನಲ್ಲಿ (ಕಮಿಟ್‌ನ ಹೊರಗೆ ಅಂಟಿಸುವ ಟಿಪ್ಪಣಿ) ಇಡುವುದು ನನಗೆ ಹೆಚ್ಚು ಸರಿ ಕಾಣುತ್ತದೆ, ಕಮಿಟ್ ಶುದ್ಧವಾಗಿ ಉಳಿಯುತ್ತದೆ. ಒಂದಕ್ಕೆ ಮಾತ್ರ ಔಷಧವಿಲ್ಲ: ಎಸ್‌ವಿಎನ್ ನಿರ್ವಾಹಕರು ಹಳೆಯ ಲಾಗನ್ನು ತಿದ್ದಬಹುದು, ತಿದ್ದಿದರೆ ಅಲ್ಲಿಂದ ಮುಂದಿನ ಹ್ಯಾಶ್‌ಗಳೆಲ್ಲ ಬದಲು.

ಮರ್ಜ್ (ಬ್ರಾಂಚ್‌ಗಳನ್ನು ಕೂಡಿಸುವುದು) ವಿಷಯದಲ್ಲಿ ಅವಸರ ಬೇಡ. ಎಸ್‌ವಿಎನ್‌ನ ಮರ್ಜ್‌ಇನ್ಫೋ ಒಂದೊಂದೇ ರಿವಿಷನ್ ಆರಿಸಿ ತಂದದ್ದನ್ನೂ ದಾಖಲಿಸುತ್ತದೆ, ಗಿಟ್‌ನ ಎರಡನೇ ಪೇರೆಂಟ್ (ಕಮಿಟ್‌ನಿಂದ ಹಿಂದಿನ ಕಮಿಟ್‌ಗಿರುವ ಕೊಂಡಿ) ಆ ಬ್ರಾಂಚ್‌ನ ಇಡೀ ಇತಿಹಾಸ ಸೇರಿತೆಂದು ಹೇಳುತ್ತದೆ. ಬ್ರಾಂಚ್ ಕವಲೊಡೆದಲ್ಲಿಂದ ಬಿಡದೆ ಎಲ್ಲವೂ ಬಂದಿದ್ದರೆ ಮಾತ್ರ ಪೇರೆಂಟ್ ಸೇರಿಸಿ.

ಇಂಥ ಪ್ರಾಜೆಕ್ಟ್‌ಗೆ ಸೇರಲು ಪ್ರಸ್ತಾವನೆ ಬರೆಯುವಾಗ ತರುವ ದಿಕ್ಕನ್ನಷ್ಟೇ ಒಪ್ಪಿಕೊಳ್ಳಿ. ಎಸ್‌ವಿಎನ್‌ಗೆ ತಳ್ಳುವಾಗ ರಿವಿಷನ್ ಸಂಖ್ಯೆ, ಸಮಯ ಎರಡನ್ನೂ ಸರ್ವರ್ ಕೊಡುತ್ತದೆ. ಆದ್ದರಿಂದ ತಳ್ಳಿದ ಕಮಿಟನ್ನೇ ಮತ್ತೆ ಒಳತಂದು, ಸ್ಥಳೀಯ ಕಮಿಟ್ ಜಾಗದಲ್ಲಿ ಅದನ್ನು ಕೂರಿಸಬೇಕು. ನಡುವೆ ಇನ್ನೊಬ್ಬರು ಕಮಿಟ್ ಮಾಡಿದ್ದರೆ ರೀಬೇಸ್, ಅಂದರೆ ನಿಮ್ಮದನ್ನು ಅವರದರ ಮೇಲೆ ಮತ್ತೆ ಕೂರಿಸುವುದು. ಇದು ಬೇರೆಯದೇ ಪ್ರಾಜೆಕ್ಟ್.

ಪ್ಯಾಚ್‌ಗಳು ಚಿಕ್ಕದಿರಲಿ: ಬಗ್ ಹಿಡಿಯುವ ಟೆಸ್ಟ್ ಮತ್ತು ಪರಿಹಾರ ಒಂದೇ ಪ್ಯಾಚ್‌ನಲ್ಲಿ, ಕೆಳಗೆ ಸೈನ್ಡ್-ಆಫ್-ಬೈ ಸಾಲು (ಪ್ಯಾಚ್ ಕೊಡುವ ಹಕ್ಕು ನಿಮಗಿದೆ ಎಂಬ ಸಹಿ), ಎರಡನೇ ಸುತ್ತಿನಿಂದ ರೇಂಜ್-ಡಿಫ್ (ಹಿಂದಿನ ಸುತ್ತಿಗೂ ಇದಕ್ಕೂ ಇರುವ ವ್ಯತ್ಯಾಸ). ಏನು ಬದಲಾಯಿಸಿದಿರಿ ಎನ್ನುವುದು ಡಿಫ್‌ನಲ್ಲೇ ಕಾಣುತ್ತದೆ, ಕಮಿಟ್ ಸಂದೇಶದಲ್ಲಿ ರಿವ್ಯೂ ಮಾಡುವವರು ಹುಡುಕುವುದು ಯಾಕೆ ಎಂಬುದನ್ನು.