ಗಂಧಕ ಬಳಿದ ಬಿದ್ರಿ ತಗಡಿನಿಂದ ಝೆರಾಕ್ಸ್ ತೆಗೆದದ್ದು

ಬೀದರಿನಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಮಾರ್ಕ್ಸ್ ಕಾರ್ಡ್ ಎಂದು ದಿನವಿಡೀ ಪ್ರತಿ ತೆಗೆಯುತ್ತೇನೆ. ಮಷಿನ್ ಕೆಟ್ಟರೆ ನಾನೇ ಬಿಚ್ಚುತ್ತೇನೆ. ಡ್ರಮ್ ಬದಲಿಸಿದ್ದೇನೆ, ಬ್ಲೇಡ್ ಹಾಕಿದ್ದೇನೆ, ಡ್ರಮ್ಮಿಗೆ ಚಾರ್ಜ್ ಕೊಡುವ ಕೊರೊನಾ ತಂತಿ ಒರೆಸಿದ್ದೇನೆ. ಆದರೆ ಟೋನರ್ ಎಂಬ ಕಪ್ಪು ಪುಡಿ ಅಂಟುವ ಮೊದಲು ಡ್ರಮ್ಮಿನ ಮೇಲೆ ಅಕ್ಷರಗಳು ವಿದ್ಯುತ್ ಚಾರ್ಜಿನ ರೂಪದಲ್ಲಿ, ಕಣ್ಣಿಗೆ ಕಾಣದಂತೆ ಕೂತಿರುತ್ತವೆ ಎಂಬ ಮಾತನ್ನು ಬಾಯಿಂದ ಹೇಳುತ್ತಿದ್ದೆನೇ ಹೊರತು ಕೈಯಾರೆ ಕಂಡಿರಲಿಲ್ಲ. ಮುಚ್ಚಳ ತೆಗೆದರೆ ಮಷಿನ್ ನಿಲ್ಲುತ್ತದೆ, ಬೆಳಕು ಬಿದ್ದರೆ ಡ್ರಮ್ಮಿನ ಚಾರ್ಜ್ ಹೋಗುತ್ತದೆ. ಅದಕ್ಕೇ ಮಷಿನ್ ಇಲ್ಲದೆ, ಮೊದಲು ಮಾಡಿದವರು ಮಾಡಿದ ಹಾಗೆಯೇ ಒಂದು ಪ್ರತಿ ತೆಗೆಯಬೇಕೆಂದು ಹಟ ಹಿಡಿದೆ.

ಮೊದಲು ಮಾಡಿದವರು ಚೆಸ್ಟರ್ ಕಾರ್ಲ್‌ಸನ್. ನ್ಯೂಯಾರ್ಕಿನ ಒಂದು ಕಂಪನಿಯ ಪೇಟೆಂಟ್ ವಿಭಾಗದಲ್ಲಿ ಕೆಲಸ. ಪೇಟೆಂಟ್ ಕಾಗದಗಳ ಪ್ರತಿ ಎಷ್ಟಿದ್ದರೂ ಸಾಲದು, ಕೈಯಲ್ಲಿ ಬರೆಯುವುದು ಅವರಿಗೆ ಹಿಂಸೆ. 1938ರ ಅಕ್ಟೋಬರ್ 22ರಂದು ಅಸ್ಟೋರಿಯಾ ಎಂಬಲ್ಲಿ ಬಾಡಿಗೆ ಕೋಣೆಯೊಂದರಲ್ಲಿ, ಆಸ್ಟ್ರಿಯಾದಿಂದ ಬಂದಿದ್ದ ಒಟ್ಟೊ ಕೊರ್ನೈ ಎಂಬ ಸಹಾಯಕನ ಜೊತೆ ಸೇರಿ ಅವರು ಜಸ್ತದ, ಅಂದರೆ ಸತುವಿನ, ತಗಡಿಗೆ ಗಂಧಕ ಬಳಿದರು. ಕೋಣೆ ಕತ್ತಲು ಮಾಡಿ ಕರವಸ್ತ್ರದಿಂದ ಉಜ್ಜಿ ಚಾರ್ಜ್ ಕೊಟ್ಟರು. ಗಾಜಿನ ಪಟ್ಟಿಯ ಮೇಲೆ ಆ ದಿನದ ತಾರೀಖು ಮತ್ತು ಊರ ಹೆಸರು ಬರೆದು, ತಗಡಿನ ಮೇಲಿಟ್ಟು, ಕೆಲವು ಸೆಕೆಂಡ್ ಪ್ರಖರ ದೀಪ ಹಿಡಿದರು. ಗಾಜು ತೆಗೆದು ಲೈಕೊಪೋಡಿಯಂ ಎಂಬ ಸಸ್ಯದ ನುಣುಪಾದ ಪುಡಿ ಉದುರಿಸಿ ಊದಿದಾಗ ಅಕ್ಷರಗಳು ಉಳಿದವು. ಮೇಣದ ಕಾಗದ ಒತ್ತಿ ಎತ್ತಿದರೆ ಅವು ಕಾಗದಕ್ಕೆ ಬಂದವು. ಇಪ್ಪತ್ತಕ್ಕೂ ಹೆಚ್ಚು ಕಂಪನಿಗಳು ಇದನ್ನು ಬೇಡವೆಂದವು. ಜನ ಬಳಸುವಂಥ ಮಷಿನ್, ಝೆರಾಕ್ಸ್ 914, ಮಾರುಕಟ್ಟೆಗೆ ಬಂದದ್ದು 1959ರಲ್ಲಿ. ನನ್ನ ಹೊಟ್ಟೆ ತುಂಬಿಸುವ ವಿದ್ಯೆ ಇದು. ಆ ಮನುಷ್ಯನ ಮೇಲೆ ನನಗೆ ದೊಡ್ಡ ಗೌರವ.

ಜಸ್ತ ಎಂದ ಕೂಡಲೇ ಬೀದರಿನವನಿಗೆ ನೆನಪಾಗುವುದು ಬಿದ್ರಿ, ಕಪ್ಪು ಲೋಹದಲ್ಲಿ ಬೆಳ್ಳಿಯ ನಕ್ಷಿ ಕೂರಿಸುವ ನಮ್ಮೂರ ಕಸುಬು. ಬಿದ್ರಿ ಸಾಮಾನಿನ ಲೋಹದಲ್ಲಿ ಜಸ್ತವೇ ಹೆಚ್ಚು, ತಾಮ್ರ ಸ್ವಲ್ಪ. ಚೌಬಾರಾ ಕಡೆ ನನಗೆ ಪರಿಚಯದ ಉಸ್ತಾದರೊಬ್ಬರಿದ್ದಾರೆ. ಅಂಗೈಯಗಲದ ಸಪಾಟಾದ ತಗಡು ಬೇಕೆಂದೆ.

“ನಕ್ಷಿ ಏನು ಹಾಕ್ಲಿ?” ಎಂದರು.

“ನಕ್ಷಿ ಬ್ಯಾಡ್ರಿ ಉಸ್ತಾದ್, ಸಾದಾ ಇರ್ಲಿ. ಅಕ್ಷರ ಬೆಳಕೇ ಬರೀತದ.”

ಅವರು ನನ್ನ ಮುಖವನ್ನೊಮ್ಮೆ ನೋಡಿ, ಬರುವ ಜುಮ್ಮಾ ಆದ ಮೇಲೆ ಬಾ ಎಂದರು.

ತಗಡು ಬಂತು. ಅರದಿಂದ ಉಜ್ಜಿ, ಎಮರಿ ಕಾಗದದಿಂದ ನುಣುಪು ಮಾಡಿದೆ. ಯಾರಾದರೂ ಮಾಡಿ ನೋಡುವುದಿದ್ದರೆ ಇಲ್ಲಿ ನನ್ನ ಮಾತು ಕೇಳಿ: ಉಜ್ಜುವಾಗ ಬೀಳುವ ಜಸ್ತದ ಪುಡಿ ಗಂಧಕದ ಹತ್ತಿರವೂ ಸುಳಿಯಬಾರದು. ಇವೆರಡರ ಪುಡಿ ಬೆರೆತು ಬಿಸಿ ತಗುಲಿದರೆ ಭಗ್ಗನೆ ಉರಿಯುತ್ತದೆ. ಉಜ್ಜುವ ಕೆಲಸ ಒಂದು ಕಡೆ, ಗಂಧಕದ ಕೆಲಸ ಇನ್ನೊಂದು ಕಡೆ. ನಡುವೆ ತಗಡನ್ನು ಸೋಪು ಹಾಕಿ ತೊಳೆದು ಒಣಗಿಸಿಯೇ ಮುಂದಕ್ಕೆ ಹೋಗಬೇಕು.

ಗಂಧಕಕ್ಕೆ ಮೊದಲು ಗೊಬ್ಬರದ ಅಂಗಡಿಗೆ ಹೋದೆ. ಬೆಳೆಗೆ ಹೊಡೆಯುವ, ನೀರಿಗೆ ಬೆರೆಸುವ ಆ ಗಂಧಕದಲ್ಲಿ ಬೇರೆ ಪುಡಿಗಳೂ ಸೇರಿರುತ್ತವೆ. ಬಿಸಿ ಮಾಡಿದರೆ ನೀಟಾಗಿ ಕರಗಲಿಲ್ಲ. ಗಿಡಮೂಲಿಕೆ ಮಾರುವ ಅಂಗಡಿಯಲ್ಲಿ ಗಟ್ಟಿ ಗಂಧಕ ಸಿಕ್ಕಿತು. ಮಾಳಿಗೆಯ ಮೇಲೆ, ಗಾಳಿಗೆ ಬೆನ್ನು ಮಾಡಿ, ಕರೆಂಟ್ ಒಲೆಯ ಮೇಲೆ ತಗಡು ಇಟ್ಟೆ. ಬೆಂಕಿಯ ಒಲೆ ಬೇಡವೇ ಬೇಡ, ಗಂಧಕ ಹೊತ್ತಿಕೊಂಡರೆ ಬರುವ ಹೊಗೆ ಎದೆ ಸುಡುತ್ತದೆ. ಹೊತ್ತಿದರೆ ಮುಚ್ಚಲೆಂದು ಕಬ್ಬಿಣದ ತವೆಯೊಂದು ಪಕ್ಕದಲ್ಲೇ ಇತ್ತು. ಮಷಿನ್ನಿನಲ್ಲಿ ಟೋನರನ್ನು ಕರಗಿಸಿ ಕಾಗದಕ್ಕೆ ಹಿಡಿಸುವ ಫ್ಯೂಸರಿನ ಬಿಸಿ ನೋಡುವ ಮೀಟರಿನ ತಂತಿಯನ್ನು ತಗಡಿಗೆ ತಾಗಿಸಿಟ್ಟೆ. ಗಂಧಕ ಕರಗುವುದು ಸುಮಾರು 115 ಡಿಗ್ರಿಗೆ. 120 ದಾಟಿದ ಮೇಲೆ ಗಟ್ಟಿಯನ್ನು ತಗಡಿಗೆ ತಿಕ್ಕಿದರೆ ಎಳೆ ಜೇನಿನಂತೆ ಹರಿಯುತ್ತದೆ. 160 ಮುಟ್ಟಿದರೆ ಕೆಂಪಾಗಿ, ಪಾಕದಂತೆ ಮಂದವಾಗಿ, ಹರಡುವುದೇ ಇಲ್ಲ. ಮೊದಲ ಸಲ ನನಗಾದದ್ದು ಅದೇ. ಕೆರೆದು ತೆಗೆದು ಮತ್ತೆ ಬಳಿದೆ. ಇಕ್ಕಳದಲ್ಲಿ ಹಿಡಿದು ಓರೆ ಮಾಡಿ ಹೆಚ್ಚಿನದನ್ನು ಇಳಿಸಿದೆ. ಒಂದೆರಡು ದಿನ ಬಿಟ್ಟರೆ ಪದರ ಪಾರದರ್ಶಕತೆ ಕಳೆದುಕೊಂಡು ತಿಳಿ ಹಳದಿಗೆ ತಿರುಗುತ್ತದೆ. ದಪ್ಪವಾದಲ್ಲಿ ಬಿರುಕು ಬಿಡುತ್ತದೆ.

ಇದೆಲ್ಲ ಆದದ್ದು ಆಗಸ್ಟಿನಲ್ಲಿ. ಕಿಟಕಿಗೆ ರಟ್ಟು ಬಡಿದು, ಸಣ್ಣ ಕೆಂಪು ಬಲ್ಬ್ ಹಾಕಿ, ಉಜ್ಜಿ, ಬೆಳಕು ಹಿಡಿದು, ಪುಡಿ ಉದುರಿಸಿದೆ. ಏನೂ ಇಲ್ಲ. ಊದಿದರೆ ಪುಡಿಯೆಲ್ಲ ಹಾರಿಹೋಯಿತು. ಹನ್ನೊಂದು ಸಲ ಮಾಡಿದೆ, ಹನ್ನೊಂದು ಸಲವೂ ಬರೀ ಹಳದಿ ತಗಡು. ಆ ವಾರ ಅಂಗಡಿಯಲ್ಲೂ ಪ್ರತಿಗಳು ಪೇಲವವಾಗಿ, ನಡುನಡುವೆ ಬಿಳಿ ಮಚ್ಚೆಯಾಗಿ ಬರುತ್ತಿದ್ದವು. ಮಳೆಗಾಲದಲ್ಲಿ ಅದು ಇದ್ದದ್ದೇ. ಕಾಗದ ತೇವ ಹೀರಿಕೊಂಡರೆ ಅದರ ಬೆನ್ನಿಗೆ ಕೊಟ್ಟ ಚಾರ್ಜ್ ನಿಲ್ಲುವುದಿಲ್ಲ, ಟೋನರ್ ಡ್ರಮ್ ಬಿಟ್ಟು ಪೂರ್ತಿ ಕಾಗದಕ್ಕೆ ಇಳಿಯುವುದಿಲ್ಲ. ಬಿಚ್ಚಿದ ರಿಮ್‌ಗಳನ್ನು ನಾನು ಮರದ ಕಪಾಟಿನಲ್ಲಿ, ಕೆಳಗೆ 40 ವ್ಯಾಟಿನ ಹಳೆಯ ಬಲ್ಬ್ ಉರಿಸಿ ಇಡುತ್ತೇನೆ. ಬಲ್ಬಿನ ಬಿಸಿಗೆ ಕೈಯೊಡ್ಡಿ ಕಾಗದ ತೆಗೆಯುವಾಗ ಹೊಳೆಯಿತು: ಕಾಗದಕ್ಕೆ ಬೇಕಾದದ್ದು ಗಂಧಕಕ್ಕೆ ಬೇಡವೇ? ಅದರ ಮೈಮೇಲೆ ಕೂತ ಕಣ್ಣಿಗೆ ಕಾಣದ ತೇವದ ಪೊರೆಯೇ ಚಾರ್ಜನ್ನು ಅಂಚಿಗೆ ಹರಿಸಿಬಿಡುತ್ತಿತ್ತು. ತಗಡನ್ನು ಆ ಕಪಾಟಿನಲ್ಲೇ ಇಟ್ಟು ಚಳಿಗಾಲಕ್ಕೆ ಕಾದೆ.

ಜನವರಿಯಲ್ಲಿ ನಮ್ಮೂರ ಗಾಳಿ ತುಟಿ ಒಡೆಯುವಷ್ಟು ಒಣ. ಸ್ವೆಟರ್ ತೆಗೆದರೆ ಚಟಚಟ ಎನ್ನುತ್ತದೆ. ಒಂದು ಭಾನುವಾರ ಮಧ್ಯಾಹ್ನ ಮತ್ತೆ ಕೂತೆ. ಮಗಳು ಜೊತೆಗಿದ್ದಳು. ಒಣಗಿಸಿದ ಹತ್ತಿಯ ಕರವಸ್ತ್ರದಿಂದ ಒಂದು ನಿಮಿಷ ಉಜ್ಜಿ, ತೋಳಿನ ಹತ್ತಿರ ಹಿಡಿದರೆ ರೋಮ ನಿಂತವು. ಅಷ್ಟಕ್ಕೇ ನನ್ನ ಎದೆ ಹೊಡೆದುಕೊಳ್ಳತೊಡಗಿತು. ಗಾಜಿನ ಮೇಲೆ ಕಪ್ಪು ಮಸಿಯಲ್ಲಿ ‘ಬೀದರ’ ಎಂದು ಬರೆದಿದ್ದೆ. ದೀಪದ ಗೋಜಿಗೆ ಹೋಗಲಿಲ್ಲ. ಗಂಧಕಕ್ಕೆ ಕೆಂಪು ಬೆಳಕು ನಾಟುವುದಿಲ್ಲ, ನೀಲಿ ಮತ್ತು ಅದರಾಚೆಯ ಬೆಳಕು ಬೇಕು, ಬಿಸಿಲಿನಲ್ಲಿ ಅದು ಧಾರಾಳವಾಗಿದೆ. ಕಿಟಕಿಯ ರಟ್ಟು ಸರಿಸಿ, ಹತ್ತು ಎಣಿಸಿ ಮುಚ್ಚಿದೆವು. ಬೆಳಕು ಬಿದ್ದಲ್ಲಿ ಗಂಧಕ ಚಾರ್ಜನ್ನು ಹಿಂದಿನ ಲೋಹಕ್ಕೆ ಬಿಟ್ಟುಕೊಡುತ್ತದೆ. ಮಸಿಯ ನೆರಳಿನಲ್ಲಿ ಮಾತ್ರ ಅದು ಉಳಿಯುತ್ತದೆ.

ಪುಡಿಯಲ್ಲಿ ಮತ್ತೆ ಎಡವಿದೆ. ಹೊಸ ಡಿಜಿಟಲ್ ಮಷಿನ್ನಿನ ಟೋನರನ್ನು ಬಾಟಲಿಯಿಂದ ಉದುರಿಸಿದರೆ ತಗಡೆಲ್ಲ ಬೂದು ಬೂದು. ಯೋಚಿಸಿದರೆ ಕಾರಣ ನನ್ನ ಕಸುಬಿನಲ್ಲೇ ಇತ್ತು. ಉಜ್ಜಿದ ಗಂಧಕ ಋಣ ಚಾರ್ಜು ಹಿಡಿಯುತ್ತದೆ. ಆ ಮಷಿನ್ನಿನ ಟೋನರೂ ಋಣವೇ, ಒಂದನ್ನೊಂದು ದೂಡುತ್ತವೆ. ಮೂಲೆಯಲ್ಲಿ ನಿಂತಿದ್ದ ಹಳೆಯ ಅನಲಾಗ್ ಮಷಿನ್ನಿನ ಡ್ರಮ್ ಋಣ ಚಾರ್ಜಿನದು, ಟೋನರ್ ಧನ ಚಾರ್ಜಿನದು. ಅದರ ಡೆವಲಪರ್ ಪೆಟ್ಟಿಗೆ ಬಿಚ್ಚಿ, ಎರಡು ಚಮಚದಷ್ಟು ಹೊರತೆಗೆದೆ. ಡೆವಲಪರ್ ಎಂದರೆ ಕಬ್ಬಿಣದ ಸಣ್ಣ ಕಾಳು, ಅವಕ್ಕೆ ಅಂಟಿದ ಟೋನರ್. ಕಾಳು ಉರುಳುತ್ತಾ ಟೋನರನ್ನು ತಿಕ್ಕಿ ಚಾರ್ಜ್ ಕೊಡುತ್ತವೆ. 914ರಲ್ಲೂ ಸಣ್ಣ ಕಾಳುಗಳನ್ನು ಡ್ರಮ್ಮಿನ ಮೇಲೆ ಉರುಳಿಸಿಯೇ ಅಕ್ಷರ ಮೂಡಿಸುತ್ತಿದ್ದರು.

ತಗಡನ್ನು ಬೆಣ್ಣೆ ಕಾಗದ ಹಾಸಿದ ತಟ್ಟೆಯಲ್ಲಿ ಓರೆಯಾಗಿಟ್ಟು, ಮೇಲಿನಿಂದ ಕಾಳನ್ನು ಅಕ್ಕಿ ಕೇರಿದಂತೆ ಮೆಲ್ಲಗೆ ಜಾರಿಸಿದೆ. ಒಮ್ಮೆ, ಎರಡು ಸಲ. ಮೂರನೆಯ ಸಲಕ್ಕೆ ಮಗಳು ಕೂಗಿದಳು, “ಅಪ್ಪಾ, ಅಕ್ಷರ ಬಂದಾವ!”

ಬಂದಿದ್ದವು. ಅಂಚು ದಟ್ಟವಾಗಿ, ನಡುವೆ ತುಸು ತೆಳುವಾಗಿ. ಹಳೆಯ ಮಷಿನ್ನುಗಳಲ್ಲಿ ಅಗಲ ಕಪ್ಪು ಹೀಗೇ ಬರುವುದನ್ನು ನೋಡಿದ್ದೆ, ಚಾರ್ಜಿನ ಸೆಳೆತ ಅಂಚಿನಲ್ಲೇ ಹೆಚ್ಚು. ಮೇಣದಬತ್ತಿ ತಿಕ್ಕಿದ ಕಾಗದವನ್ನು ಒತ್ತಿ ಎತ್ತಿ, ಬಿಸಿ ತವೆಯ ಮೇಲೆ ಹಿಡಿದೆ. ಟೋನರ್ ಕರಗಿ ಹಿಡಿದುಕೊಂಡಿತು. ಆದರೆ ‘ಬೀದರ’ ಕನ್ನಡಿಯಲ್ಲಿ ಕಂಡಂತೆ ತಿರುಗಿತ್ತು. ತಗಡಿನ ಮೇಲೆ ನೆಟ್ಟಗಿದ್ದದ್ದು ಕಾಗದಕ್ಕೆ ಬರುವಾಗ ಮಗುಚುತ್ತದೆ. ಮಸಿಯ ಮುಖ ಕೆಳಗಾಗುವಂತೆ ಗಾಜನ್ನು ಮಗುಚಿ ಇಡಬೇಕಿತ್ತು. ತಗಡು ಒರೆಸಿ, ಮತ್ತೆ ಉಜ್ಜಿ, ಸಂಜೆಯ ಬಿಸಿಲು ಹೋಗುವುದರೊಳಗೆ ಇನ್ನೂ ನಾಲ್ಕು ಪ್ರತಿ ತೆಗೆದೆವು. ಮಸಿಯ ಮುಖ ಕೆಳಗಿಟ್ಟರೆ ಇನ್ನೊಂದು ಲಾಭ: ಗೆರೆ ಗಂಧಕಕ್ಕೇ ತಾಗಿರುವುದರಿಂದ ನೆರಳು ಹರಡದೆ ಅಕ್ಷರ ಚೂಪಾಗುತ್ತದೆ.

ಅದರಲ್ಲಿ ಚೆಂದದ್ದೊಂದನ್ನು ಉಸ್ತಾದರಿಗೆ ಒಯ್ದು ಕೊಟ್ಟೆ. ಬೆಳಕಿಗೆ ಹಿಡಿದು, ಉಗುರಿನಿಂದ ಅಂಚು ಮುಟ್ಟಿ ಬಹಳ ಹೊತ್ತು ನೋಡಿದರು. “ನಮ್ದೂ ಹಿಂಗೇ ಅದಾ. ಕೋಟೆ ಮಣ್ಣು ಜಸ್ತಕ್ಕಷ್ಟೇ ಕಪ್ಪು ಹಿಡಿಸ್ತದ, ಬೆಳ್ಳಿ ಮುಟ್ಟಂಗಿಲ್ಲ. ನಿಮ್ಮ ಪುಡಿಗೂ ಎಲ್ಲಿ ಕೂಡ್ಬೇಕು ಗೊತ್ತದ,” ಎಂದರು. ಅವರ ಕೋಣೆಯಲ್ಲಿ ಬೀದರ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿಟ್ಟ ಪಾತ್ರೆ ಅಲ್ಲೇ ಇತ್ತು. ಆಗ ತಾನೇ ತೊಳೆದ ಹೂದಾನಿಯೊಂದು ಕಪ್ಪು ಮೈಯಲ್ಲಿ ಬೆಳ್ಳಿಯ ಗೆರೆ ಬಿಟ್ಟುಕೊಂಡು ಒಣಗುತ್ತಿತ್ತು.

ನಾನು ಹೊರಡುವಾಗ, “ಒಂದು ಗಾಜು ಕೊಟ್ಟು ಹೋಗ್ರಿ. ಬಳ್ಳಿ ನಾ ಬರೀತೀನಿ,” ಎಂದರು. ಮರುವಾರ ಹೋದರೆ ಗಾಜಿನ ತುಂಬ ಮಸಿಯ ಎಲೆಬಳ್ಳಿ, ಎಲ್ಲೂ ಕೈ ನಡುಗಿದ ಗುರುತಿಲ್ಲ. ಜೊತೆಗೆ ಮೊದಲಿನದಕ್ಕಿಂತ ದೊಡ್ಡದೊಂದು ತಗಡನ್ನೂ ಎರಕ ಹೊಯ್ದು ಇಟ್ಟಿದ್ದರು. ಎರಡೂ ಈಗ ಕಪಾಟಿನಲ್ಲಿ, ಬಲ್ಬಿನ ಮೇಲಿನ ಹಲಗೆಯಲ್ಲಿವೆ. ಗಂಧಕ ಬಳಿದಾಗಿದೆ. ದೀಪಾವಳಿ ಕಳೆದು ಗಾಳಿ ಒಣಗಲಿ ಎಂದು ಕಾಯುತ್ತಿದ್ದೇನೆ.