ಗ್ವಾಟೆಮಾಲಾಕ್ಕೆ ಹೊಸದಾಗಿ ಬಂದವರಿಗೆ: ಇಲ್ಲಿನ ತಟ್ಟೆಯನ್ನು ಓದುವುದು ಹೇಗೆ

ಬಂದ ಮೊದಲ ವಾರ ಎಲ್ಲರೂ ನನ್ನನ್ನು ಕೇಳುವುದು ಒಂದೇ: "ಇಲ್ಲಿ ಊಟಕ್ಕೆ ಏನು ಮಾಡೋದು?" ಮಧ್ಯಾಹ್ನ ಬೀದಿಗಿಳಿದು ಸ್ವಲ್ಪ ಕಿವಿಗೊಡಿ. ಪಟಪಟ ಅಂತ ತಟ್ಟುವ ಸದ್ದು ಬರುತ್ತದೆ. ಅದೇ ತೋರ್ತಿಯೇರಿಯಾ. ಮುಸುಕಿನ ಜೋಳದ ರೊಟ್ಟಿ ತಟ್ಟಿ ಮಾರುವ ಅಂಗಡಿ. ಎಣಿಸಿ ಕೇಳಬೇಕಿಲ್ಲ, 5 ಕೆತ್ಸಾಲ್‌ನಷ್ಟು (ಇಲ್ಲಿನ ದುಡ್ಡು) ಕೊಡಿ ಅಂದರೆ ಸಾಕು. ಬಟ್ಟೆ ಒಯ್ದರೆ ಬಿಸಿ ಆರುವುದಿಲ್ಲ.

ಉತ್ತರ ಕರ್ನಾಟಕದವರಿಗೆ ಈ ಸದ್ದು ಕೇಳಿದರೆ ಮನೆ ನೆನಪಾಗುತ್ತದೆ. ಆದರೆ ಹಿಟ್ಟಿನ ಕೆಲಸ ಬೇರೆ. ಇಲ್ಲಿನ ಮೂಲನಿವಾಸಿಗಳಾದ ಮಾಯಾ ಜನ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ತೊಳೆದು, ಆಮೇಲೆ ರುಬ್ಬುತ್ತಾರೆ. ಸಿಪ್ಪೆ ಬಿಡುತ್ತದೆ, ಹಿಟ್ಟು ಒಟ್ಟಿಗೆ ಹಿಡಿದುಕೊಳ್ಳುತ್ತದೆ, ಕಾಳಿನೊಳಗಿನ ನಿಯಾಸಿನ್ ಎಂಬ ವಿಟಮಿನ್ ನಮ್ಮ ಮೈಗೆ ದಕ್ಕುತ್ತದೆ. ಸಾವಿರಾರು ವರ್ಷದ ಜಾಣತನ ಇದು. ಮನುಷ್ಯರನ್ನು ಮಾಡಿದ್ದೇ ಹಳದಿ ಮತ್ತು ಬಿಳಿ ಮುಸುಕಿನ ಜೋಳದಿಂದ ಅಂತ ಅವರ ಪುರಾಣ ಪೊಪೊಲ್ ವುಹ್ ಹೇಳುತ್ತದೆ. ಅದಕ್ಕೇ ರೊಟ್ಟಿಯನ್ನು ಸುಮ್ನೆ ಬಿಸಾಡಬೇಡಿ, ನೋಡಿದವರಿಗೆ ನೋವಾಗುತ್ತದೆ.

ಸಸ್ಯಾಹಾರಿಗಳು ಮುಂದಿನ ಮಾತನ್ನು ಗಮನವಿಟ್ಟು ಓದಿ. ಸ್ಪೇನಿನವರು 1524ರಲ್ಲಿ ಇಲ್ಲಿಗೆ ಬಂದರು. ಹಂದಿ, ದನ, ಕೋಳಿ, ಗೋಧಿ, ಅಕ್ಕಿ, ಈರುಳ್ಳಿ, ಬೆಳ್ಳುಳ್ಳಿ, ಚಕ್ಕೆ, ಎಳ್ಳು ಎಲ್ಲ ಅವರ ಕಡೆಯಿಂದ ಬಂದವು. ಮುಸುಕಿನ ಜೋಳ, ರಾಜ್ಮಾದಂಥ ಕಪ್ಪು ಬೀನ್ಸ್, ಕುಂಬಳ, ಮೆಣಸಿನಕಾಯಿ, ಟೊಮೆಟೊ ಮೊದಲೇ ಇದ್ದವು. ಈ ಎರಡನ್ನು ಬೇರೆ ಮಾಡಿ ನೋಡುವುದು ಕಲಿತರೆ ಅರ್ಧ ಕಷ್ಟ ಮುಗಿಯಿತು. ಹಂದಿಯ ಜೊತೆಗೇ ಬಂದದ್ದು ಮಾಂತೇಕಾ, ಅಂದರೆ ಕೊಬ್ಬು. ಈಗ ಅದು ಹೆಸರಿನಲ್ಲಿ ಕಾಣದ ಕಡೆಯೂ ಇರುತ್ತದೆ. ನಾನು ಬಂದ ಹೊಸತರಲ್ಲಿ ಒಂದು ಸಣ್ಣ ಹೋಟೆಲಲ್ಲಿ ದಿನಾ ಬೀನ್ಸ್ ತಿಂದೆ. ಅದನ್ನು ಕೊಬ್ಬಿನಲ್ಲಿ ಹುರಿದಿದ್ದರು ಅಂತ ಎರಡು ವಾರ ಕಳೆದ ಮೇಲೆ ಗೊತ್ತಾಯಿತು. ತುಂಬ ಸಂಕಟವಾಯಿತು. ತಪ್ಪು ಅವರದ್ದಲ್ಲ, ನಾನು ಕೇಳಿರಲಿಲ್ಲ. ನೀವು ಕೇಳಿ: "ಯೇವಾ ಮಾಂತೇಕಾ?" (ಇದಕ್ಕೆ ಕೊಬ್ಬು ಹಾಕಿದ್ದೀರಾ?) ತಮಾಲ್, ಅಂದರೆ ಎಲೆಯಲ್ಲಿ ಸುತ್ತಿ ಬೇಯಿಸುವ ಕಡುಬು, ಅದರ ಹಿಟ್ಟಿಗೂ ಅದನ್ನೇ ಹಾಕುತ್ತಾರೆ. ಶನಿವಾರ ಸಂಜೆ ಮನೆ ಮುಂದೆ ಕೆಂಪು ದೀಪ ಕಂಡರೆ ಅಲ್ಲಿ ತಮಾಲ್ ಮಾರುತ್ತಾರೆ ಅಂತ ಅರ್ಥ. ಮಾಂಸ ತಿನ್ನುವವರು ತಪ್ಪಿಸಿಕೊಳ್ಳಬೇಡಿ.

ಪೆಪಿಯಾನ್ ಇಲ್ಲಿನ ಹೆಮ್ಮೆಯ ಸಾರು. ಕುಂಬಳಬೀಜ, ಒಣಮೆಣಸಿನಕಾಯಿ, ಟೊಮೆಟೊ ಹುರಿದು, ಸುಟ್ಟು, ರುಬ್ಬುತ್ತಾರೆ. ಅದಕ್ಕೆ ಎಳ್ಳು, ಚಕ್ಕೆ ಸೇರುತ್ತದೆ. ಎರಡೂ ಕಡೆಯ ಸಾಮಾನು ಒಂದೇ ಪಾತ್ರೆಯಲ್ಲಿ. ಹೊರಗೆ ಕೋಳಿ ಹಾಕಿಯೇ ಕೊಡುವುದು ಜಾಸ್ತಿ. ಮನೆಯಲ್ಲಿ ಆಲೂಗಡ್ಡೆ, ಸೀಮೆಬದನೆ ಹಾಕಿ ಮಾಡಿ, ಬಹಳ ಚೆನ್ನಾಗಿರುತ್ತದೆ. ಹೌದು, ನಮ್ಮ ಸೀಮೆಬದನೆಯ ತವರು ಈ ಕಡೆಯೇ. ಇಲ್ಲಿ ಅದನ್ನು ವಿಸ್ಕಿಲ್ ಅನ್ನುತ್ತಾರೆ.

ಸಂತೆಯಲ್ಲಿ ಸೊಪ್ಪಿನ ಹೆಂಗಸರ ಹತ್ತಿರ ಮಕುಯ್ ಕೇಳಿ. ನಮ್ಮ ಗಣಿಕೆ ಸೊಪ್ಪಿನ ಜಾತಿಯದ್ದೇ. ಬ್ಲೇದೊ ಅಂದರೆ ಹರಿವೆ ಜಾತಿಯ ಸೊಪ್ಪು. ಬಸ್ಸಾರಿಗೆ ಎರಡೂ ಒಗ್ಗುತ್ತವೆ. ಚಿಪಿಲಿನ್ ಸೊಪ್ಪು ಮಾತ್ರ ನಮ್ಮಲ್ಲಿ ಸಿಗದ ರುಚಿ. ಅದನ್ನು ಮುಸುಕಿನ ಜೋಳದ ಹಿಟ್ಟಿಗೆ ಕಲಸಿ ರೊಟ್ಟಿ ತಟ್ಟಿ ನೋಡಿ. ಹಿಟ್ಟನ್ನು ಪ್ಯಾಕೆಟ್‌ನಲ್ಲಿ ತರಬೇಡಿ, ಗಿರಣಿಯಲ್ಲಿ ರುಬ್ಬಿದ್ದನ್ನೇ ತನ್ನಿ.

ಊಟ ಮುಗಿಸಿ ಏಳುವಾಗ "ಗ್ರಾಸಿಯಾಸ್" (ಧನ್ಯವಾದ) ಅನ್ನಿ. ಉಳಿದವರು "ಬುಯೆನ್ ಪ್ರೊವೇಚೊ" (ಉಂಡದ್ದು ಮೈಗೆ ಹತ್ತಲಿ) ಅನ್ನುತ್ತಾರೆ. ಹೇಳದೆ ಎದ್ದರೆ ಬೇಜಾರು ಮಾಡಿಕೊಳ್ಳುತ್ತಾರೆ.

ಬೆಟ್ಟದ ಊರಾದ ಕೋಬಾನ್ ಕಡೆ ಹೋದರೆ ಏಲಕ್ಕಿ ತನ್ನಿ. ನೂರು ವರ್ಷದ ಹಿಂದೆ ಆ ಬೆಟ್ಟಗಳಿಗೆ ಬಂದ ಬೆಳೆ ಅದು. ಈಗ ಜಗತ್ತಿಗೇ ಅಲ್ಲಿಂದ ಹೋಗುತ್ತದೆ. ಬೆಳೆದವರು ಅಡುಗೆಗೆ ಬಳಸುವುದು ತೀರಾ ಕಡಿಮೆ. ಅಲ್ಲಿ ಯಾರದ್ದಾದರೂ ಮನೆಗೆ ಕರೆದರೆ, ಏಲಕ್ಕಿ ಹಾಕಿದ ಪಾಯಸ ಮಾಡಿಕೊಂಡು ಹೋಗಿ.